ಪುಟಸಂಖ್ಯೆ ಓರಣವಾಗುವವರೆಗೆ: ಲಿಬ್ರೆಆಫೀಸ್ ರೈಟರ್‌ನ ಪರಿವಿಡಿ, ಕೆಲವು ವರ್ಷ ಬಳಸಿದ ಮೇಲೆ

ದಸ್ತಾವೇಜು ಬರೆಯುವ ಉಚಿತ ತಂತ್ರಾಂಶ ರೈಟರ್‌ನಲ್ಲಿ ಏನೇನಿದೆ ಎಂಬುದು ಅದನ್ನು ಇಳಿಸಿಕೊಂಡವರಿಗೆಲ್ಲ ಗೊತ್ತು. ನಾನು ಬರೆಯಹೊರಟಿರುವುದು ಅದರ ಒಂದು ಮೂಲೆಯ ಬಗ್ಗೆ ಮಾತ್ರ: ಉದ್ದದ ತಾಂತ್ರಿಕ ಕೈಪಿಡಿಗೆ ಅದು ಕಟ್ಟಿಕೊಡುವ ಪರಿವಿಡಿ. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್‌ಗಳ ಆಪರೇಟರ್ ಕೈಪಿಡಿ, ಮೆಂಟೆನೆನ್ಸ್ ಕೈಪಿಡಿಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವುದು ನನ್ನ ಕಸುಬು. ಮುನ್ನೂರು, ನಾನ್ನೂರು ಪುಟ ಮಾಮೂಲು. ಯಾವ ಕಂಪನಿಯ ನೌಕರಿಯೂ ಇಲ್ಲದ್ದರಿಂದ ವರ್ಷವರ್ಷ ಚಂದಾ ಕೇಳುವ ತಂತ್ರಾಂಶ ನನ್ನ ಲೆಕ್ಕಕ್ಕೆ ಹೊಂದುವುದಿಲ್ಲ. ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ, ಅದರ ಜೊತೆಗೇ ಬಂದ ರೈಟರ್.

ಕೈಪಿಡಿಯ ಪರಿವಿಡಿಯನ್ನು ಯಾರು, ಯಾವಾಗ ತೆರೆಯುತ್ತಾರೆ ಎಂಬುದರ ಮೇಲೆಯೇ ನನ್ನ ತೀರ್ಪು ನಿಂತಿದೆ. ಯಂತ್ರ ನಿಂತಿರುತ್ತದೆ, ಪರದೆಯ ಮೇಲೆ ಅಲಾರಂ ಇರುತ್ತದೆ, ಫಿಟ್ಟರ್ ಕೈಯಲ್ಲಿ ಗ್ರೀಸ್ ಇರುತ್ತದೆ. ಆತನಿಗೆ ಬೇಕಾದದ್ದು ಸಾಲಿನ ಕೊನೆಯ ಪುಟಸಂಖ್ಯೆ. ಅದು ಒಂದೇ ನೋಟಕ್ಕೆ ಸಿಗಬೇಕು. ನನ್ನ ದೊಡ್ಡ ತಕರಾರು ಇದ್ದದ್ದೂ ಆ ಸಂಖ್ಯೆಯ ಬಗ್ಗೆಯೇ.

ರೈಟರ್ ಪ್ರತಿ ಸ್ಟೈಲ್‌ಗೂ (ಅಕ್ಷರ, ಸಾಲುಗಳ ರೂಪವನ್ನು ಒಂದು ಹೆಸರಿನಡಿ ಉಳಿಸಿಟ್ಟ ಹೊಂದಿಕೆ) ಫಾಂಟ್‌ಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತದೆ: ಇಂಗ್ಲಿಷಿನಂಥ ಪಾಶ್ಚಾತ್ಯ ಲಿಪಿಗೆ ಒಂದು, ಕನ್ನಡದಂಥ ಸಂಕೀರ್ಣ ಲಿಪಿಗೆ ಇನ್ನೊಂದು. ಅಳತೆ, ಬೋಲ್ಡ್ ಎಲ್ಲವೂ ಅದೇ ರೀತಿ ಪ್ರತ್ಯೇಕ. ನಮ್ಮ ಕೈಪಿಡಿಗಳಲ್ಲಿ ಅಂಕಿಗಳು 0ರಿಂದ 9ರ ರೂಪದಲ್ಲೇ ಇರಬೇಕು, ಯಂತ್ರದ ಪರದೆ ತೋರಿಸುವುದೂ ಅವನ್ನೇ. ಆದರೆ ಈ ಅಂಕಿಗಳು ಯಾವುದೇ ಒಂದು ಲಿಪಿಗೆ ಸೇರಿದವಲ್ಲ. ಅಕ್ಕಪಕ್ಕದ ಅಕ್ಷರ ಯಾವ ಲಿಪಿಯದೋ ಆ ಲಿಪಿಯ ಫಾಂಟ್ ತೊಟ್ಟುಕೊಳ್ಳುತ್ತವೆ. ಹೀಗಾಗಿ ಕನ್ನಡ ಪದದಿಂದ ಮುಗಿಯುವ ಹೆಡ್ಡಿಂಗ್‌ನ ಮುಂದೆ ಪುಟಸಂಖ್ಯೆ ಒಂದು ರೂಪದಲ್ಲಿ, ಪರದೆಯ ಇಂಗ್ಲಿಷ್ ಹೆಸರಿನಿಂದ ಮುಗಿಯುವ ಹೆಡ್ಡಿಂಗ್‌ನ ಮುಂದೆ ಇನ್ನೊಂದು ರೂಪದಲ್ಲಿ. ಒಂದು ದಪ್ಪ, ಒಂದು ತೆಳು. ಅವು ಒಂದರ ಕೆಳಗೊಂದು ನಿಂತಾಗ ಬಲಅಂಚಿನ ಸಾಲು ಕಣ್ಣಿಗೆ ಚುಚ್ಚುತ್ತದೆ. ಇಂಗ್ಲಿಷಿನಲ್ಲಷ್ಟೇ ಬರೆಯುವವರಿಗೆ ಈ ತೊಂದರೆ ಎದುರಾಗುವುದೇ ಇಲ್ಲ, ಅದಕ್ಕೇ ಇದರ ಬಗ್ಗೆ ಬರೆದವರೂ ಕಡಿಮೆ. ಕೈಯಿಂದ ತಿದ್ದೋಣವೆಂದರೆ ಪರಿವಿಡಿಗೆ ಬೀಗ. ಬೀಗ ತೆಗೆದು ತಿದ್ದಿದರೂ ಮುಂದಿನ ಅಪ್‌ಡೇಟ್‌ನಲ್ಲಿ ಎಲ್ಲ ಅಳಿಸಿಹೋಗುತ್ತದೆ.

ಇನ್ನೊಂದು ಕೋಪವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪರಿವಿಡಿ ತಾನಾಗಿ ಹೊಸದಾಗುವುದಿಲ್ಲ, ಬಳಸುವವರೇ ಕೇಳಬೇಕು. ಅದನ್ನು ಒಪ್ಪಬಹುದು, ಬರೆಯುತ್ತಿರುವಾಗ ಪರಿವಿಡಿ ಕುಣಿಯುತ್ತಿದ್ದರೆ ಅದೂ ಕಷ್ಟವೇ. ಆದರೆ ತಪ್ಪು ಕಾಗುಣಿತಕ್ಕೆ ಕೆಂಪು ಗೆರೆ ಎಳೆಯುವ ತಂತ್ರಾಂಶ, ಪರಿವಿಡಿ ಹಳತಾಗಿದೆ ಎಂದು ತಿಳಿಸಲು ಒಂದು ಗೆರೆಯನ್ನೂ ಎಳೆಯುವುದಿಲ್ಲ. ಮುದ್ರಣಕ್ಕೆ ಹೋಗುವ ಕಡತದಲ್ಲಿ ಇದು ಸಣ್ಣ ಕೊರತೆಯಲ್ಲ.

ಈ ಎರಡು ಕಾರಣಕ್ಕೆ ಆದೇಶಗಳನ್ನು ಬರೆದು ಪುಟ ಜೋಡಿಸುವ ಲೇಟೆಕ್‌ಗೆ ಹೋಗಿಬಿಡೋಣ ಎಂದು ಹೊರಟದ್ದೂ ಉಂಟು. ಅಲ್ಲಿಯೂ ಪರಿವಿಡಿಯ ಸಾಲುಗಳು ಮೊದಲು ಒಂದು ಸಹಾಯಕ ಕಡತಕ್ಕೆ ಹೋಗಿ, ಮುಂದಿನ ಸಲ ಕಂಪೈಲ್ ಮಾಡಿದಾಗ ಪುಟಕ್ಕೆ ಬರುತ್ತವೆ. ಅದರ ‘ರಿಪೋರ್ಟ್’ ಎಂಬ ಸಿದ್ಧ ವಿನ್ಯಾಸ (ಕ್ಲಾಸ್) ವಿಭಾಗದ ಸಂಖ್ಯೆಗೆ 2.3 ಎಮ್‌ನಷ್ಟು ಅಗಲ ಮೀಸಲಿಡುತ್ತದೆ; ಎಮ್ ಎಂದರೆ ಹೆಚ್ಚುಕಡಿಮೆ ಫಾಂಟಿನ ಅಳತೆಯಷ್ಟು. ಹತ್ತನೇ ಅಧ್ಯಾಯ ದಾಟಿ 10.12 ಎಂಬಂಥ ಸಂಖ್ಯೆ ಬಂದರೆ ಅದು ಶೀರ್ಷಿಕೆಗೆ ಅಂಟಿಕೊಳ್ಳುತ್ತದೆ. ಸರಿಪಡಿಸಲು ದಾರಿಯಿದೆ, ಆದರೆ ನನ್ನ ಕರಡನ್ನು ತಿದ್ದುವ ಎಂಜಿನಿಯರುಗಳು ಲೇಟೆಕ್ ಕಡತ ತೆರೆಯುವವರಲ್ಲ. ವಾಪಸ್ ಬಂದೆ.

ಬಂದ ಮೇಲೆ ಸಿಕ್ಕಿದ್ದೇ ನಿಜವಾದ ಖುಷಿ. ಪರಿವಿಡಿಯ ಡಯಲಾಗ್‌ನಲ್ಲಿ ‘ಎಂಟ್ರೀಸ್’ ಎಂಬ ಟ್ಯಾಬ್ ಇದೆ, ಅದರೊಳಗೆ ‘ಸ್ಟ್ರಕ್ಚರ್’ ಎಂಬ ಒಂದು ಸಾಲು. ಪರಿವಿಡಿಯ ಪ್ರತಿ ಸಾಲೂ ಅಲ್ಲಿ ಸಣ್ಣ ಗುಂಡಿಗಳಾಗಿ ಬಿಡಿಸಿಟ್ಟಿರುತ್ತದೆ: ಅಧ್ಯಾಯ ಸಂಖ್ಯೆಗೆ ಒಂದು, ಹೆಡ್ಡಿಂಗ್‌ಗೆ ಒಂದು, ಟ್ಯಾಬ್‌ಗೆ ಒಂದು, ಪುಟಸಂಖ್ಯೆಗೆ ಒಂದು, ಲಿಂಕ್‌ನ ಮೊದಲಿಗೂ ಕೊನೆಗೂ ಒಂದೊಂದು. ಯಾವ ಗುಂಡಿ ಒತ್ತಿದರೂ ಆ ತುಂಡಿಗೆ ಮಾತ್ರ ಬೇರೆ ಕ್ಯಾರೆಕ್ಟರ್ ಸ್ಟೈಲ್ ಕೊಡಬಹುದು. ಕನ್ನಡ ಅಕ್ಷರವೂ ಇಂಗ್ಲಿಷ್ ಅಂಕಿಯೂ ಇರುವ ಒಂದೇ ಫಾಂಟನ್ನು ಎರಡೂ ಲಿಪಿಗಳ ಜಾಗದಲ್ಲಿ ಕೂರಿಸಿ, ಅಳತೆಯನ್ನೂ ಸಮ ಮಾಡಿ ‘ಪುಟಸಂಖ್ಯೆ’ ಎಂಬ ಸ್ಟೈಲ್ ಮಾಡಿದೆ. ಪುಟಸಂಖ್ಯೆಯ ಗುಂಡಿಗೆ ಅದನ್ನು ಹಚ್ಚಿ ಅಪ್‌ಡೇಟ್ ಮಾಡಿದಾಗ ಬಲಅಂಚಿನ ಸಂಖ್ಯೆಗಳೆಲ್ಲ ಒಂದೇ ಮೈಕಟ್ಟಿಗೆ ಬಂದವು. ಇಷ್ಟು ವಿವರವಾದ ಹಿಡಿತ ಉಚಿತ ತಂತ್ರಾಂಶವೊಂದು ಕೊಡುತ್ತದೆ ಎಂದು ನಾನು ಎಣಿಸಿರಲಿಲ್ಲ.

ಅದೇ ಸಾಲಿನಲ್ಲಿ ಸಂಖ್ಯೆಗೂ ಹೆಡ್ಡಿಂಗ್‌ಗೂ ನಡುವೆ ಒಂದು ಟ್ಯಾಬ್ ಸೇರಿಸಿ. ಬಳಿಕ ಪರಿವಿಡಿಯ ಎರಡನೇ ಹಂತದ ಸಾಲುಗಳಿಗಿರುವ ‘ಕಂಟೆಂಟ್ಸ್ 2’ ಸ್ಟೈಲ್‌ನಲ್ಲಿ ಮೊದಲ ಸಾಲನ್ನು ಹಿಂದಕ್ಕೆಳೆದು ಉಳಿದವನ್ನು ಒಳಗೆ ಸರಿಸಿದರೆ, ಎರಡನೇ ಸಾಲಿಗೆ ಇಳಿಯುವ ಉದ್ದದ ಹೆಡ್ಡಿಂಗ್ ಸಂಖ್ಯೆಯ ಕೆಳಗೆ ನುಗ್ಗುವುದಿಲ್ಲ. ಕನ್ನಡದ ಹೆಡ್ಡಿಂಗ್‌ಗಳು ಎರಡು ಸಾಲಿಗೆ ಹೋಗುವುದು ಸಾಮಾನ್ಯ. ‘ಸ್ಪಿಂಡಲ್ ಬೇರಿಂಗ್ ಬದಲಾಯಿಸಿದ ನಂತರದ ಪರೀಕ್ಷೆಗಳು’ ಎಂಬುದನ್ನು ಎಷ್ಟೆಂದು ಕತ್ತರಿಸುವುದು? ಸಾಲುಗಳ ಅಂತರವನ್ನು ಮಾತ್ರ ‘ಫಿಕ್ಸೆಡ್’ ಮಾಡಬೇಡಿ, ಒತ್ತಕ್ಷರಗಳ ಬುಡ ಕತ್ತರಿಸಿಹೋಗಬಹುದು. ‘ಪ್ರಪೋರ್ಷನಲ್’ ಸಾಕು.

ದಿನದ ಕೆಲಸ ಈಗ ಒಂದು ಲಯಕ್ಕೆ ಕೂತಿದೆ. ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟು ಎಫ್5 ಒತ್ತಿ ನ್ಯಾವಿಗೇಟರ್ ತೆರೆಯುತ್ತೇನೆ. ಹೆಡ್ಡಿಂಗ್‌ಗಳ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಒಂದನ್ನು ಹಿಡಿದೆಳೆದರೆ ಅದರ ಕೆಳಗಿನ ಪಠ್ಯ, ಚಿತ್ರ, ಕೋಷ್ಟಕ ಎಲ್ಲ ಜೊತೆಗೇ ಬರುತ್ತವೆ. ಕೂಲಂಟ್ ಪಂಪ್ ಶುದ್ಧಿ ಮಾಡುವ ವಿಭಾಗ ವಿದ್ಯುತ್ ಅಧ್ಯಾಯದಲ್ಲಿ ಕೂತಿರುವುದು ಕಾಣುವುದು ಇಂಥ ಹೊತ್ತಿನಲ್ಲೇ. ಸಂಜೆ ಟೂಲ್ಸ್ ಮೆನುವಿನಿಂದ ‘ಅಪ್‌ಡೇಟ್ ಆಲ್’, ಎರಡು ಸಲ. ಪರಿವಿಡಿಯೇ ಒಂದು ಪುಟ ಬೆಳೆದಿದ್ದರೆ ಅದರ ನಂತರದ ಪುಟಗಳೆಲ್ಲ ಸರಿದಿರುತ್ತವೆ, ಎರಡನೇ ಸಲ ಅದಕ್ಕಾಗಿ. ಆಮೇಲೆ ಪರಿವಿಡಿಯ ಪುಟಗಳನ್ನಷ್ಟೇ ಮುದ್ರಿಸಿ, ಹಸಿರು ಪೆನ್ನು ಹಿಡಿದು ಕಥೆಯಂತೆ ಓದುತ್ತೇನೆ. ‘ಹೊಂದಿಸುವುದು’, ‘ಹೊಂದಾಣಿಕೆ’, ‘ಸೆಟ್ಟಿಂಗ್’ ಎಂದು ಒಂದೇ ಕೆಲಸಕ್ಕೆ ಮೂರು ಮಾತು ಬಳಕೆಯಾಗಿದ್ದರೆ ಪುಟಗಳೊಳಗೆ ತಿಳಿಯುವುದಿಲ್ಲ, ಇಲ್ಲಿ ತಕ್ಷಣ ತಿಳಿಯುತ್ತದೆ. ನನ್ನ ಮಟ್ಟಿಗೆ ಕೈಪಿಡಿಯ ನಿಜವಾದ ಸಂಪಾದನೆ ನಡೆಯುವುದು ಈ ಅರ್ಧ ಗಂಟೆಯಲ್ಲಿ.

ಪುಟಸಂಖ್ಯೆಯನ್ನು ಎಲ್ಲಿಂದ ಶುರುಮಾಡಬೇಕು ಎಂಬ ವಿಷಯದಲ್ಲಿ ನಾನು ಪುಸ್ತಕದ ಸಂಪ್ರದಾಯ ಬಿಟ್ಟಿದ್ದೇನೆ. ಮುನ್ನುಡಿ, ಪರಿವಿಡಿಗೆ ರೋಮನ್ ಅಂಕಿ ಹಾಕಿ, ಮೊದಲ ಅಧ್ಯಾಯದಿಂದ 1 ಎಂದರೆ ಕಾಗದದಲ್ಲಿ ಚೆಂದ. ಆದರೆ ಈಗ ಶಾಪ್ ಫ್ಲೋರ್‌ನಲ್ಲಿ ಕೈಪಿಡಿ ಓಡಾಡುವುದು ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ಆಗಿ. ಪರಿವಿಡಿ 86 ಎನ್ನುತ್ತದೆ, ಫೋನು ಅದೇ ಪುಟವನ್ನು 98 ಎನ್ನುತ್ತದೆ. ಹೊದಿಕೆ ಪುಟದಿಂದಲೇ 1 ಎಂದು ಎಣಿಸಿದರೆ ಎರಡೂ ಒಂದೇ ಆಗುತ್ತವೆ. ಸ್ಟ್ರಕ್ಚರ್ ಸಾಲಿನಲ್ಲಿ ಲಿಂಕ್‌ನ ಗುಂಡಿಗಳು ಉಳಿದಿದ್ದರೆ, ಪಿಡಿಎಫ್‌ನ ಪರಿವಿಡಿಯಲ್ಲಿ ಬೆರಳಿಟ್ಟ ಕೂಡಲೇ ಆ ಪುಟವೂ ತೆರೆಯುತ್ತದೆ.

ಹಂತಗಳ ವಿಷಯ: ರೈಟರ್ ಹತ್ತು ಹಂತದವರೆಗೂ ತೋರಿಸಲು ತಯಾರು, ನಾನು ಕೈಪಿಡಿಯ ಮೊದಲಿಗೆ ಬರುವ ಪರಿವಿಡಿಯಲ್ಲಿ ಎರಡಕ್ಕೆ ನಿಲ್ಲಿಸುತ್ತೇನೆ. ಉಳಿದ ಆಳಕ್ಕೆ ಅದೇ ಡಯಲಾಗ್‌ನಲ್ಲಿ ಇಡೀ ದಸ್ತಾವೇಜಿನ ಬದಲು ‘ಚಾಪ್ಟರ್’ ಆರಿಸಿದರೆ ಆ ಅಧ್ಯಾಯದ್ದೇ ಕಿರು ಪರಿವಿಡಿ ಬರುತ್ತದೆ. ಅಲಾರಂ ಅಧ್ಯಾಯದ ಬಾಗಿಲಲ್ಲಿ ಹಾಗೊಂದು ಪಟ್ಟಿ ಇಟ್ಟ ಮೇಲೆ ಫಿಟ್ಟರುಗಳು ನೇರವಾಗಿ ಅಲ್ಲಿಗೇ ಹೋಗುತ್ತಿದ್ದಾರೆ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಕಳೆದ ಒಂದು, ಹಳತಾದ ಪರಿವಿಡಿಯ ಬಗ್ಗೆ ಸುಮ್ಮನಿರುವುದಕ್ಕೆ. ಶುರುಮಾಡುವವರು ಒಂದು ಗಮನಿಸಿ: ಸ್ಟ್ರಕ್ಚರ್ ಸಾಲಿನ ಹೊಂದಿಕೆ ಸ್ಟೈಲ್‌ಗಳಲ್ಲಿ ಉಳಿಯುವುದಿಲ್ಲ, ಆಯಾ ಪರಿವಿಡಿಯೊಳಗೇ ಉಳಿಯುತ್ತದೆ. ಆದ್ದರಿಂದ ಟೆಂಪ್ಲೇಟ್ ಮಾಡುವಾಗ ಸ್ಟೈಲ್‌ಗಳ ಜೊತೆಗೆ ಒಂದು ಪರಿವಿಡಿಯನ್ನೂ ಸೇರಿಸಿಯೇ ಉಳಿಸಿ.