ಅಡುಗೆಯ ಮೇಲೆ ಬಂದ ಅನುಮಾನ: ಗೋಲ್ಡಿ ಮತ್ತು ಫೇತ್

ಆಷಾಢದಲ್ಲಿ ಮದುವೆಗಳಿಲ್ಲ. ತುಮಕೂರಿನಲ್ಲಿ ಅಡುಗೆ ಕಂಟ್ರಾಕ್ಟ್ ಮಾಡುವ ನಮ್ಮಂಥವರಿಗೆ ಪುಸ್ತಕ ಹಿಡಿದು ಕೂರಲು ಸಿಗುವುದು ಆ ಒಂದು ತಿಂಗಳು. ಈ ಸಲ ಎರಡು ಇಂಗ್ಲಿಷ್ ಪತ್ತೇದಾರಿ ಸರಣಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದೆ: ಡಯಾನ್ ಮಾಟ್ ಡೇವಿಡ್ಸನ್ ಅವರ ಗೋಲ್ಡಿ ಕಥೆಗಳು, ಕ್ಯಾಥರೀನ್ ಹಾಲ್ ಪೇಜ್ ಅವರ ಫೇತ್ ಫೇರ್‌ಚೈಲ್ಡ್ ಕಥೆಗಳು. ಎರಡೂ ಶುರುವಾದದ್ದು 1990ರಲ್ಲಿ. ಎರಡರಲ್ಲೂ ನಾಯಕಿ ಸಣ್ಣ ಊರಿನಲ್ಲಿ ಕೇಟರಿಂಗ್ ಮಾಡುವವಳು. ಪೊಲೀಸರಿಗಿಂತ ಮೊದಲು ಕೊಲೆಗಾರನ ಜಾಡು ಹಿಡಿಯುವವಳೂ ಅವಳೇ.

ಗೋಲ್ಡಿಯ ಮೊದಲ ಕಾದಂಬರಿ ‘ಕೇಟರಿಂಗ್ ಟು ನೋಬಡಿ’ ನನ್ನನ್ನು ಅಲ್ಲಾಡಿಸಿಬಿಟ್ಟಿತು. ಕೊಲೊರಾಡೊದ ಆಸ್ಪೆನ್ ಮೆಡೊ ಎಂಬ ಕಲ್ಪಿತ ಊರು. ಸಾವಿನ ಮನೆಗೆ ಬಂದ ನಲವತ್ತು ಮಂದಿಗೆ ಅವಳು ಊಟ ಮಾಡಿಸಿದ್ದಾಳೆ. ಅಲ್ಲಿಗೆ ಬಂದಿದ್ದ ಅವಳ ಮಾಜಿ ಮಾವ ವಿಷದಿಂದ ಕುಸಿದು ಬೀಳುತ್ತಾನೆ. ಆರೋಗ್ಯ ಇಲಾಖೆಯವರು ಉಳಿದ ಅಡುಗೆಯನ್ನೆಲ್ಲ ವಶಕ್ಕೆ ತೆಗೆದುಕೊಳ್ಳುತ್ತಾರೆ. ಅವಳ ವ್ಯಾಪಾರ ಮುಚ್ಚುವ ಹಂತಕ್ಕೆ ಬರುತ್ತದೆ.

ಆ ಪುಟದಲ್ಲಿ ಪುಸ್ತಕ ಮಡಿಸಿಟ್ಟೆ. ಕೆಲವು ವರ್ಷಗಳ ಹಿಂದೆ ಶಿರಾ ಗೇಟಿನ ಕಡೆ ಒಂದು ಗೃಹಪ್ರವೇಶದ ಅಡುಗೆ ನಮ್ಮದಾಗಿತ್ತು. ಸಂಜೆಗೆ ನಾಲ್ಕು ಮಕ್ಕಳಿಗೆ ವಾಂತಿ. ಮನೆಯ ಹಿರಿಯರೊಬ್ಬರು ಮಜ್ಜಿಗೆಹುಳಿಯ ಪಾತ್ರೆಯ ಮುಚ್ಚಳ ತೆಗೆದು ಬಗ್ಗಿ ಮೂಸಿದರು, ಒಂದು ಮಾತೂ ಆಡಲಿಲ್ಲ, ಮುಚ್ಚಳವನ್ನು ನೆಲದ ಮೇಲಿಟ್ಟು ಹೊರಟುಹೋದರು. ಕುಡಿಯುವ ನೀರಿನ ತೊಟ್ಟಿ ತೊಳೆದಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಮೂರು ಮನೆಯವರು ಮುಂಗಡ ವಾಪಸ್ ಕೇಳಿ ಆಗಿತ್ತು. ಅಂದಿನಿಂದ ಬಡಿಸುವ ಮೊದಲು ಪ್ರತಿಯೊಂದು ಪದಾರ್ಥದಿಂದಲೂ ಒಂದೊಂದು ಸೌಟು ಸ್ಟೀಲ್ ಡಬ್ಬಿಗೆ ಹಾಕಿ, ಮಾರನೆಯ ದಿನದವರೆಗೆ ಫ್ರಿಜ್‌ನಲ್ಲಿ ಇಡುತ್ತೇನೆ. ಗೋಲ್ಡಿ ಪತ್ತೇದಾರಿಕೆಗೆ ಇಳಿಯುವುದು ಕುತೂಹಲಕ್ಕಲ್ಲ, ಹೊಟ್ಟೆಪಾಡಿಗೆ. ಹೊಡೆಯುತ್ತಿದ್ದ ಡಾಕ್ಟರ್ ಗಂಡನನ್ನು ಬಿಟ್ಟು ಬಂದು, ಮಗನನ್ನು ಸಾಕಲು ಒಲೆ ಹಚ್ಚಿದವಳು ಅವಳು. ಆ ದಿಗಿಲು ಎಲ್ಲೂ ಸುಳ್ಳೆನಿಸುವುದಿಲ್ಲ.

ಫೇತ್ ಬೇರೆ ಜಾತಿಯವಳು. ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ್ದ ಅಡುಗೆಯವಳು ಪಾದ್ರಿಯೊಬ್ಬರನ್ನು ಮದುವೆಯಾಗಿ ಮ್ಯಾಸಚೂಸೆಟ್ಸ್‌ನ ಏಲ್‌ಫರ್ಡ್ ಎಂಬ ಊರಿಗೆ ಬರುತ್ತಾಳೆ. ಮೊದಲ ಪುಸ್ತಕ ‘ದಿ ಬಾಡಿ ಇನ್ ದಿ ಬೆಲ್‌ಫ್ರಿ’ಯಲ್ಲಿ, ಕಂಕುಳಲ್ಲಿ ಕೂಸಿರುವಾಗಲೇ ಗಂಟೆಗೋಪುರದಲ್ಲಿ ಹೆಣ ಕಂಡು, ಗಂಟೆ ಬಾರಿಸುತ್ತಾಳೆ. ಆ ಗಂಟೆಯನ್ನು ಬಾರಿಸಬಹುದಿತ್ತೇ ಎಂಬುದೇ ಊರವರಿಗೆ ದೊಡ್ಡ ಚರ್ಚೆ! ಹೊರಗಿನಿಂದ ಬಂದ ಸೊಸೆಯನ್ನು ಊರು ಅಳೆಯುವ ರೀತಿಯನ್ನು ಪೇಜ್ ಬಲ್ಲರು. ಆ ಪುಸ್ತಕಕ್ಕೆ ಮೊದಲ ಕಾದಂಬರಿಗೆ ಕೊಡುವ ಅಗಾಥಾ ಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ಅದರಲ್ಲಿ ಅವಳ ಕೇಟರಿಂಗ್ ಹಿಂದೆ ಬಿಟ್ಟುಬಂದ ಕಸುಬು. ನನಗೆ ಬೇಕಾಗಿದ್ದ ಅಡುಗೆಮನೆ ಸಿಕ್ಕಿದ್ದು 1993ರ ‘ದಿ ಬಾಡಿ ಇನ್ ದಿ ಕ್ಯಾಸ್ಟ್’ನಲ್ಲಿ. ಸಿನಿಮಾ ತಂಡಕ್ಕೆ ಅವಳು ಮಾಡಿದ ಕಪ್ಪು ಬೀನ್ಸ್ ಸೂಪ್‌ಗೆ ಯಾರೋ ಭೇದಿ ಔಷಧ ಬೆರೆಸುತ್ತಾರೆ. ಗೋಲ್ಡಿಗೆ ಬಂದದ್ದೇ ಕಷ್ಟ. ಆದರೂ ಫೇತ್‌ಳ ಮನೆ ಆ ಸೂಪಿನ ಮೇಲೆ ನಿಂತಿಲ್ಲ, ಹಾಗಾಗಿ ನನ್ನ ಎದೆ ಅಷ್ಟು ಹೊಡೆದುಕೊಳ್ಳಲಿಲ್ಲ.

ಪಾಕವಿಧಾನಗಳ ವಿಷಯದಲ್ಲಿ ಮಾತ್ರ ಪೇಜ್ ಕಡೆಗೆ ನನ್ನ ಮತ. ಅವರು ಕೊನೆಯಲ್ಲಿ ಕೊಡುತ್ತಾರೆ. ಗೋಲ್ಡಿಯ ಮೊದಮೊದಲ ಪುಸ್ತಕಗಳಲ್ಲಿ ಅವು ಕಥೆಯ ನಡುವೆಯೇ ಬರುತ್ತವೆ. ಅನುಮಾನ ಬಿಗಿಯಾಗುತ್ತಿರುವಾಗ ಹಿಟ್ಟು, ಬೆಣ್ಣೆಯ ಅಳತೆ ಓದುವ ತಾಳ್ಮೆ ನನಗಿಲ್ಲ.

ಹಗುರವಾದ, ಊರಿನ ಮಾತುಕತೆ ತುಂಬಿದ ಓದು ಬೇಕಾದವರು ಫೇತ್‌ಳಿಂದ ಶುರುಮಾಡಲಿ. ಈ ಕಸುಬಿನವರು ಗೋಲ್ಡಿಯನ್ನೇ ಓದಬೇಕು, ಒಟ್ಟು ಹದಿನೇಳು ಪುಸ್ತಕಗಳಿವೆ. ನಮ್ಮ ಮನೆಯವರು ಕಾದಂಬರಿ ಮುಟ್ಟುವವರಲ್ಲ. ಅಂತರಸನಹಳ್ಳಿ ಮಾರುಕಟ್ಟೆಗೆ ತರಕಾರಿಗೆಂದು ಹೋಗುತ್ತಾ ಗೋಲ್ಡಿಯ ಕಥೆಯನ್ನು ಅರ್ಧದವರೆಗೆ ಹೇಳಿದ್ದೆ. ಎರಡು ದಿನ ಬಿಟ್ಟು, ಈರುಳ್ಳಿ ಮೂಟೆ ಇಳಿಸುತ್ತಿದ್ದವರು ತಿರುಗಿ ಕೇಳಿದರು: “ಉಳಿದ ಅಡುಗೆ ತೆಗೆದುಕೊಂಡು ಹೋದರಲ್ಲ, ಪರೀಕ್ಷೆಯಲ್ಲಿ ಏನು ಬಂತು?”