ಮನೆಯ ಖರ್ಚನ್ನು ಅಂಗಡಿಯ ಲೆಕ್ಕಕ್ಕೆ ಸೇರಿಸುವ ಮುನ್ನ

ಬಾಗಲಕೋಟೆಯ ನವನಗರದಲ್ಲಿ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣ ಮಾರುವ ಸಣ್ಣ ಅಂಗಡಿಯನ್ನು ನಾನು 2021ರ ಡಿಸೆಂಬರಿನಲ್ಲಿ ತೆರೆದೆ. ಮನೆಯ ಸಂತೆಯಿಂದ ಮಾಲಿನ ಖರೀದಿಯವರೆಗೆ ಎಲ್ಲವನ್ನೂ ಒಂದೇ ಉಳಿತಾಯ ಖಾತೆಯಲ್ಲಿ ನಡೆಸಿದ್ದು ನನ್ನ ಮೊದಲ ತಪ್ಪು. ಎರಡನೆಯದು, ಹೊಸ ವ್ಯಾಪಾರವಾದ್ದರಿಂದ ಎಲ್ಲ ಖರ್ಚನ್ನೂ ತೋರಿಸಬಹುದೆಂದ ಸಲಹೆಗಾರರೊಬ್ಬರನ್ನು ಕಣ್ಣುಮುಚ್ಚಿ ನಂಬಿದ್ದು. ಮನೆಗೆ ಬಣ್ಣ ಬಳಿಸಿದ ಹಣ, ತಂಗಿಯ ಸೀಮಂತದ ಊಟದ ಖರ್ಚು, ಬೈಕಿನ ಅಷ್ಟೂ ಪೆಟ್ರೋಲು ಹೀಗೆ ವ್ಯಾಪಾರದ ವೆಚ್ಚವಾಗಿ ಆದಾಯ ತೆರಿಗೆ ರಿಟರ್ನ್ ಸೇರಿದವು.

2023ರ ಜೂನ್‌ನಲ್ಲಿ ಆದಾಯ ತೆರಿಗೆ ಇಲಾಖೆಯಿಂದ ಆ ರಿಟರ್ನ್‌ನ ಪರಿಶೀಲನೆಯ ನೋಟಿಸ್ ಬಂದಿತ್ತು. ಇಲಾಖೆಯ ಪೋರ್ಟಲ್‌ನಲ್ಲಿ ಸಲಹೆಗಾರರು ತಮ್ಮದೇ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ನಮೂದಿಸಿದ್ದರಿಂದ ಅದು ನನಗೆ ತಿಳಿದದ್ದು ಸೆಪ್ಟೆಂಬರಿನಲ್ಲಿ.

ಆ ವರ್ಷಕ್ಕೆ ಅನ್ವಯಿಸುತ್ತಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 37(1)ನೇ ಕಲಮಿನ ಪ್ರಕಾರ, ಸಂಪೂರ್ಣವಾಗಿ ವ್ಯಾಪಾರಕ್ಕೆಂದೇ ಮಾಡಿದ, ವೈಯಕ್ತಿಕವೂ ಬಂಡವಾಳ ಸ್ವರೂಪದ್ದೂ (ವರ್ಷಗಟ್ಟಲೆ ಬಾಳುವ ವಸ್ತುವಿಗೆ ಹಾಕಿದ್ದು) ಅಲ್ಲದ ಖರ್ಚನ್ನು ಮಾತ್ರ ಆದಾಯದಿಂದ ಕಳೆಯಬಹುದಿತ್ತು. ಬಣ್ಣ, ಸೀಮಂತ ಎರಡೂ ತಕ್ಷಣವೇ ಬಿದ್ದುಹೋದವು. ಬೈಕಿನ ಖರ್ಚಿನಲ್ಲಿ ವ್ಯಾಪಾರದ ಪಾಲನ್ನು ಕೇಳಬಹುದಿತ್ತು, ಆದರೆ ಆ ಪಾಲು ಎಷ್ಟೆಂದು ತೋರಿಸಲು ನನ್ನಲ್ಲಿ ಓಡಾಟದ ಒಂದು ಸಾಲಿನ ಬರಹವೂ ಇರಲಿಲ್ಲ. ಗೋಡೆಯ ಕಪಾಟುಗಳಿಗೆ ಕೊಟ್ಟ 80,000 ರೂಪಾಯಿ ಬಂಡವಾಳ ವೆಚ್ಚವಾಯಿತು, ಪೀಠೋಪಕರಣಕ್ಕೆ ಶೇ. 10ರಷ್ಟು ಸವಕಳಿ (ವಸ್ತು ಸವೆಯುವುದಕ್ಕೆ ವರ್ಷವರ್ಷ ಸಿಗುವ ಕಡಿತ) ಇದ್ದರೂ ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರಿಂದ ದಕ್ಕಿದ್ದು ಅದರ ಅರ್ಧ, ಅಂದರೆ 4,000 ರೂಪಾಯಿ.

ನನ್ನನ್ನು ಹೆಚ್ಚು ನೋಯಿಸಿದ್ದು ನಿಜವಾದ ಖರ್ಚೂ ಕೈಬಿಟ್ಟದ್ದು. ಒಬ್ಬ ಸಗಟು ವ್ಯಾಪಾರಿಗೆ ಒಂದೇ ದಿನ 62,000 ರೂಪಾಯಿ ನಗದು ಕೊಟ್ಟು ಸೀರೆ ತಂದಿದ್ದೆ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದೇ ಕಾಯ್ದೆಯ 40ಎ(3)ನೇ ಕಲಮಿನಂತೆ ಆ ಖರ್ಚು ಲೆಕ್ಕಕ್ಕೆ ಬರುತ್ತಿರಲಿಲ್ಲ. ವಿದ್ಯುತ್ ಬಳಸದೆ ಮನೆಯಲ್ಲೇ ನೇಯುವ ಕೈಮಗ್ಗದ ನೇಕಾರರಿಗೆ ನೇರವಾಗಿ ಕೊಟ್ಟಿದ್ದರೆ ಆದಾಯ ತೆರಿಗೆ ನಿಯಮಗಳ 6ಡಿಡಿಯ ವಿನಾಯಿತಿ ಇತ್ತು. ನಾನು ಕೊಂಡದ್ದು ನಡುವಿನ ವ್ಯಾಪಾರಿಯಿಂದ.

ತೆರಿಗೆ ಮತ್ತು ಬಡ್ಡಿಯ ಜೊತೆಗೆ ದಂಡವೂ ಬಂತು. ಕಡಿಮೆ ಆದಾಯ ತೋರಿಸಿದ್ದಕ್ಕೆ, ಹಾಗೆ ತೋರಿಸದ ಆದಾಯದ ತೆರಿಗೆಯ ಶೇ. 50, ಸಾಕ್ಷ್ಯವಿಲ್ಲದ ಖರ್ಚು ತೋರಿಸಿದ್ದರೆ ಶೇ. 200; ಬಿಲ್ಲಿಲ್ಲದ ಪೆಟ್ರೋಲಿಗೆ ನನಗೆ ಬಿದ್ದದ್ದು ಎರಡನೆಯದು. ಸಹಿ ನನ್ನದಾದ್ದರಿಂದ ಸಲಹೆಗಾರರು ಯಾವ ಹೊಣೆಯನ್ನೂ ಹೊರಲಿಲ್ಲ.

ಹೊಸದಾಗಿ ಅಂಗಡಿ ಇಡುವವರಲ್ಲಿ ನನ್ನ ವಿನಂತಿ: ಮೊದಲ ಮಾಲು ತರುವ ಮುಂಚೆಯೇ ಚಾಲ್ತಿ ಖಾತೆ ತೆರೆಯಿರಿ, ಮನೆಗೆ ಬೇಕಾದ ಹಣವನ್ನು ತಿಂಗಳಿಗೊಮ್ಮೆ ಸ್ವಂತಕ್ಕೆ ತೆಗೆದದ್ದೆಂದು ಬರೆದೇ ತೆಗೆಯಿರಿ, ಮತ್ತು ಪೋರ್ಟಲ್‌ನಲ್ಲಿ ಯಾರ ಮೊಬೈಲ್ ಸಂಖ್ಯೆ ಇದೆಯೆಂದು ಇಂದೇ ತೆರೆದು ನೋಡಿ.