ಲೇಸರ್, ಎಲ್‌ಇಡಿ, ಸೀಸಿಯಂ: ಡಿಟೆಕ್ಟರ್ ಮೇಲೆ ಕಣ್ಣಿಡಲು ಯಾವುದು ವಾಸಿ?

ಪಿಎಂಟಿ (ಮಂದ ಬೆಳಕನ್ನು ವಿದ್ಯುತ್ ಸಿಗ್ನಲ್ ಆಗಿಸಿ ಹಿಗ್ಗಿಸುವ ಫೋಟೋಮಲ್ಟಿಪ್ಲೈಯರ್ ಟ್ಯೂಬ್) ಹೇಳಿದ್ದನ್ನೆಲ್ಲ ನಂಬುವಂತಿಲ್ಲ. ಹೈವೋಲ್ಟೇಜ್ ಕೊಟ್ಟ ಮೊದಲ ಕೆಲವು ಗಂಟೆ ಅದರ ಗೇನ್, ಅಂದರೆ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಒಂದೆಡೆ ನಿಲ್ಲದು. ಆಮೇಲೂ ಕೋಣೆ ಬಿಸಿಯಾದಂತೆ, ತಣ್ಣಗಾದಂತೆ ಏರುಪೇರಾಗುತ್ತಲೇ ಇರುತ್ತದೆ. ಕಣ ಹಾಯ್ದಾಗ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರ್ ಪಟ್ಟಿಯೊಂದಕ್ಕೆ ಕೂರಿಸಿದ ಪಿಎಂಟಿಯ ಕಾವಲಿಗೆ ನೀಲಿ ಎಲ್‌ಇಡಿ, 405 ನ್ಯಾನೋಮೀಟರ್ ಪಲ್ಸ್ ಲೇಸರ್, ಗಾಮಾ ಕಿರಣ ಸೂಸುವ ಸೀಸಿಯಂ-137 ಸೋರ್ಸ್ ಮೂರನ್ನೂ ಹಾಕಿ ನೋಡಿದೆ. ಇದೇ ಕೆಲಸಕ್ಕೆ ಆಕಾಶದಿಂದ ಬರುವ ಮ್ಯೂಆನ್ ಕಣಗಳು ಪುಕ್ಕಟೆ, ನಿಜ. ಆದರೆ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಒಂದರಂತೆ ಬರುವ ಅತಿಥಿಗಳನ್ನು ಕಾಯುತ್ತ ಕೂತರೆ ಗಂಟೆಗೊಮ್ಮೆ ಅಳೆಯುವುದು ಆಗದ ಮಾತು.

ಎಲ್‌ಇಡಿ ಅಗ್ಗ; ಡ್ರೈವರ್ ಸರ್ಕ್ಯೂಟನ್ನು ನಾವೇ ಬೆಸುಗೆ ಹಾಕಿಕೊಳ್ಳಬಹುದು. ಪಲ್ಸಿನಿಂದ ಪಲ್ಸಿಗೆ ಬೆಳಕು ಬದಲಾಗದಿರುವ ವಿಷಯದಲ್ಲಿ ನಮ್ಮ ಲೇಸರನ್ನೇ ಹಿಂದಿಕ್ಕಿತು. ಆದರೆ ಬಿಸಿಗೆ ಮಂಕಾಗುತ್ತದೆ. ರಾತ್ರಿಯಿಡೀ ತೆಗೆದ ಗ್ರಾಫಿನಲ್ಲಿ ಏಸಿ ಆನ್ ಆಗಿದ್ದು, ಆಫ್ ಆಗಿದ್ದು ಎಲ್ಲ ಸಣ್ಣ ಅಲೆಗಳಾಗಿ ಮೂಡಿತ್ತು. ಮಂಕಾದದ್ದು ಎಲ್‌ಇಡಿಯೋ ಪಿಎಂಟಿಯೋ ಎಂದು ತಿಳಿಯಲು ಅದೇ ಬೆಳಕನ್ನು ನೋಡುವ ಪಿನ್ ಡಯೋಡ್ (ಬೆಳಕು ಅಳೆಯುವ ಪುಟ್ಟ ಸೆನ್ಸರ್) ಬೇಕೇ ಬೇಕು.

ಲೇಸರ್‌ಗೂ ಪಿನ್ ಡಯೋಡ್ ತಪ್ಪಿದ್ದಲ್ಲ. ಮೇಲಾಗಿ ದುಡ್ಡು ಸುರಿಯಬೇಕು, ಕಣ್ಣಿಗೆ ಕನ್ನಡಕ ಬೇಕು. ಆದರೂ ಅದರ ಪಲ್ಸ್ ಒಂದು ನ್ಯಾನೋಸೆಕೆಂಡಿಗಿಂತ ಚಿಕ್ಕದು, ಗೇನ್ ಜೊತೆಗೆ ಟೈಮಿಂಗ್ ಕೂಡ ಪರೀಕ್ಷೆಯಾಗುತ್ತದೆ. ಬೆಳಕನ್ನು ಫೈಬರ್‌ಗಳಿಗೆ ಹಂಚಿ ಎಷ್ಟೋ ಡಿಟೆಕ್ಟರ್‌ಗಳಿಗೆ ಒಟ್ಟಿಗೆ ಕಳಿಸಬಹುದು. ಅಮೆರಿಕದ ಫರ್ಮಿಲ್ಯಾಬ್‌ನ ಮ್ಯೂಆನ್ ಜಿ-2 ಪ್ರಯೋಗದಲ್ಲಿ ಕಣಗಳ ಶಕ್ತಿ ಅಳೆಯುವ 24 ಕ್ಯಾಲೊರಿಮೀಟರ್‌ಗಳ 1,296 ಹರಳುಗಳಿಗೂ ಇದೇ 405 ನ್ಯಾನೋಮೀಟರ್ ಬೆಳಕು ಹೋಗುತ್ತಿತ್ತು. ಯುರೋಪಿನ ಸರ್ನ್ ಪ್ರಯೋಗಾಲಯದ ಸಿಎಂಎಸ್ ಡಿಟೆಕ್ಟರ್‌ನಲ್ಲಂತೂ ಲೇಸರ್ ಇಲ್ಲದೆ ಗತಿಯಿಲ್ಲ: ಅಲ್ಲಿನ 75,848 ಲೆಡ್ ಟಂಗ್‌ಸ್ಟೇಟ್ ಹರಳುಗಳು ವಿಕಿರಣ ತಾಗಿದಂತೆ ಪಾರದರ್ಶಕತೆ ಕಳೆದುಕೊಂಡು, ಕಣಗಳ ಬೀಮ್ ನಿಂತಾಗ ಸ್ವಲ್ಪ ಚೇತರಿಸಿಕೊಳ್ಳುತ್ತವೆ. ಹಾಗಾಗಿ ಬೀಮಿನ ನಡುವೆ ಕಣಗಳಿಲ್ಲದ ಪುಟ್ಟ ಬಿಡುವಿನಲ್ಲಿ ನೀಲಿ ಲೇಸರ್ ಹೊಡೆದು, ಪ್ರತಿ ಹರಳನ್ನೂ ಸುಮಾರು 40 ನಿಮಿಷಕ್ಕೊಮ್ಮೆ ನೋಡುತ್ತಾರೆ.

ಲೇಸರ್ ವ್ಯವಸ್ಥೆಯಲ್ಲಿ ನನ್ನ ತಲೆ ತಿಂದದ್ದು ಲೇಸರ್ ಅಲ್ಲ, ಫೈಬರ್. ಮೇಜಿನ ಮೇಲೆ ಬೆರಳಿನಿಂದ ತುಸು ಸರಿಸಿದರೂ ಪಿಎಂಟಿ ಸಿಗ್ನಲ್ ಜಿಗಿಯುತ್ತದೆ. ಲೇಸರ್ ಬಾಯಿಯಲ್ಲೇ ಕೂತ ಪಿನ್ ಡಯೋಡಿಗೆ ಇದರ ಸುಳಿವೂ ಇರುವುದಿಲ್ಲ. ಫೈಬರನ್ನು ಉದ್ದಕ್ಕೂ ಟೇಪ್ ಹಾಕಿ ಬಿಗಿದು, ಬೆಳಕು ಕವಲೊಡೆದ ಮೇಲೆ ಎರಡನೇ ಡಯೋಡ್ ಇಟ್ಟರೇ ಲೆಕ್ಕ ಸರಿಹೋಗುವುದು.

ಇಷ್ಟಾದರೂ ನಮ್ಮ ಲೇಸರ್ ನೋಡುವುದು ಪಿಎಂಟಿ ಮತ್ತು ಎಲೆಕ್ಟ್ರಾನಿಕ್ಸನ್ನು ಮಾತ್ರ. ಸಿಂಟಿಲೇಟರ್ ಹಳದಿಗಟ್ಟಿದರೆ ಅದಕ್ಕೆ ಗೊತ್ತೇ ಆಗದು. ಅಲ್ಲಿ ಸೀಸಿಯಂ ಗೆಲ್ಲುತ್ತದೆ: ಗಾಮಾ ಕಿರಣ ಸಿಂಟಿಲೇಟರಿನಲ್ಲೇ ಬೆಳಕು ಹುಟ್ಟಿಸುವುದರಿಂದ ಇಡೀ ಸರಪಳಿ ಪರೀಕ್ಷೆಗೆ ಒಳಗಾಗುತ್ತದೆ. ಪ್ಲಾಸ್ಟಿಕ್‌ನಲ್ಲಿ ಗಾಮಾದ ಪೂರ್ತಿ ಶಕ್ತಿಯಾದ 662 ಕೆಇವಿಯ (ಕೆಇವಿ ಎಂದರೆ ಕಿಲೋ ಎಲೆಕ್ಟ್ರಾನ್‌ವೋಲ್ಟ್) ಚೂಪು ಶಿಖರ ಕಾಣದು. 478 ಕೆಇವಿ ಬಳಿ ಇಳಿಜಾರಾದ ಕಾಂಪ್ಟನ್ ಅಂಚನ್ನೇ (ಗಾಮಾ ಒಂದೇ ಡಿಕ್ಕಿಯಲ್ಲಿ ಎಲೆಕ್ಟ್ರಾನಿಗೆ ಕೊಡಬಲ್ಲ ಗರಿಷ್ಠ ಶಕ್ತಿ) ಹಿಡಿದುಕೊಳ್ಳಬೇಕು. ಅಳತೆ ನಿಧಾನ, ವಿಕಿರಣದ ವಸ್ತುವಾದ್ದರಿಂದ ಪ್ರತಿ ಸಲ ರಿಜಿಸ್ಟರಿನಲ್ಲಿ ಸಹಿ ಬೇರೆ.

ಸರ್ನ್‌ನ ಇನ್ನೊಂದು ಡಿಟೆಕ್ಟರ್ ಆದ ಅಟ್ಲಾಸ್‌ನವರು ತಮ್ಮ ಸಿಂಟಿಲೇಟರ್ ಟೈಲ್ ಕ್ಯಾಲೊರಿಮೀಟರಿಗೆ ಲೇಸರ್, ಸೀಸಿಯಂ ಎರಡನ್ನೂ ಇಟ್ಟುಕೊಂಡಿದ್ದಾರೆ. ಸೀಸಿಯಂ ತೋರಿಸಿದ ಇಳಿಕೆಯಲ್ಲಿ ಲೇಸರ್ ತೋರಿಸಿದ್ದನ್ನು ಕಳೆದರೆ ಉಳಿಯುವುದು ಸಿಂಟಿಲೇಟರ್ ಮತ್ತು ಅದರ ಫೈಬರ್‌ಗಳ ಸವೆತ. ನಾಲ್ಕೈದು ಚಾನೆಲ್‌ಗಳ ಸಣ್ಣ ಲ್ಯಾಬಿಗೆ ನಾನು ಲೇಸರ್ ಕೊಳ್ಳಿ ಎನ್ನುವುದಿಲ್ಲ: ಎಲ್‌ಇಡಿ, ಪಿನ್ ಡಯೋಡ್, ಪಕ್ಕದಲ್ಲೊಂದು ಥರ್ಮಾಮೀಟರ್, ತಿಂಗಳಿಗೊಮ್ಮೆ ಸೀಸಿಯಂ. ಚಾನೆಲ್‌ಗಳು ನೂರು ದಾಟಿದರೆ, ಇಲ್ಲವೇ ಟೈಮಿಂಗ್ ಮುಖ್ಯವಾದರೆ, ಲೇಸರ್‌ಗೇ ದುಡ್ಡು ಹಾಕಿ.